ಆರು ವರ್ಷದ ಫ್ರಾಕು

ನಮ್ಮೂರಿನಲ್ಲಿ ಮಕ್ಕಳ ಬಟ್ಟೆ ಮೈಯಳತೆಗೆ ಕೂರುವುದಿಲ್ಲ, ವಯಸ್ಸಿಗೆ ಕೂರುತ್ತದೆ. ನಾಲ್ಕು ವರ್ಷಕ್ಕೆಂದು ಹೊಲಿದ ಅಂಗಿಯನ್ನು ನಾಲ್ಕು ವರ್ಷದ ಮಗುವಿಗೆ ತೊಡಿಸಿದರೆ ಗುಂಡಿಗಳು ತಾವಾಗಿಯೇ ಕಾಜದೊಳಗೆ ನುಸುಳಿ ಕೂರುತ್ತವೆ. ಅದೇ ಅಂಗಿಯನ್ನು ಐದರ ಮಗುವಿಗೆ ತೊಡಿಸಿ ನೋಡಿ. ಮೈಗೆ ಎಷ್ಟೇ ಹೇಳಿ ಹೊಲಿಸಿದ ಹಾಗಿರಲಿ, ಒಂದು ಗುಂಡಿ ಹಾಕುವಷ್ಟರಲ್ಲಿ ಇನ್ನೊಂದು ಕಳಚಿಕೊಂಡಿರುತ್ತದೆ. ವಯಸ್ಸೆಂದರೆ ಹುಟ್ಟಿದ ತಾರೀಖಿನ ಲೆಕ್ಕವಲ್ಲ. ಪುರಸಭೆ ಅಧ್ಯಕ್ಷರ ಮೊಮ್ಮಗನಿಗೆ ಒಂಬತ್ತು ತುಂಬಿದೆ, ಅವನಿಗೆ ಇವತ್ತಿಗೂ ಕೂರುವುದು ಆರು ವರ್ಷದ ಚಡ್ಡಿಯೇ. ಟೈಲರ್ ಮರಿಸ್ವಾಮಿ ಬಟ್ಟೆಯನ್ನು ಒಂಬತ್ತರ ಅಳತೆಗೆ ಕತ್ತರಿಸಿ, ಆರರದು ಆರರದು ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತ ಹೊಲಿದುಕೊಡುತ್ತಾನೆ. ಊರಿಗೆಲ್ಲ ಗೊತ್ತು, ಯಾರೂ ಆಡಿಕೊಳ್ಳುವುದಿಲ್ಲ. ಅಂದರೆ ಅಧ್ಯಕ್ಷರ ಎದುರಿಗೆ ಆಡಿಕೊಳ್ಳುವುದಿಲ್ಲ.

ಹುಟ್ಟುಹಬ್ಬಕ್ಕೆ ಮಗುವಿನ ಬಟ್ಟೆ ಆರಿಸಿ ತರುವುದು ನಮ್ಮಲ್ಲಿ ಸೋದರತ್ತೆಯ ಕೆಲಸ. ತಾಯಿಯ ಕಣ್ಣಿಗೆ ಮಗು ಯಾವತ್ತೂ ಚಿಕ್ಕದು. ತಂದೆಯ ಕಣ್ಣಿಗೆ ಅದು ಯಾವತ್ತೂ ಪಕ್ಕದ ಮನೆಯ ಮಗುವಿಗಿಂತ ದೊಡ್ಡದು. ಈ ಎರಡು ಕಾಯಿಲೆಯೂ ಇಲ್ಲದವಳು ಅತ್ತೆಯೊಬ್ಬಳೇ ಎಂದು ಹಿಂದಿನವರು ಎಣಿಸಿರಬೇಕು. ನಾನು ಅಂಥ ಒಬ್ಬಳು ಅತ್ತೆ, ಹೆಸರು ದಾಕ್ಷಾಯಿಣಿ. ಸಂತೆಬೀದಿಯ ಮೂಲೆಯ ಹಿಟ್ಟಿನ ಗಿರಣಿ ನನ್ನದೇ. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ನನ್ನ ದನಿ ದೊಡ್ಡದಾಗಿಬಿಟ್ಟಿದೆ, ಅದಕ್ಕೆ ಜನ ನನ್ನನ್ನು ಜಗಳಗಂಟಿ ಎನ್ನುತ್ತಾರೆ. ಅದೂ ಸ್ವಲ್ಪ ನಿಜವೇ ಅನ್ನಿ. ನನಗೆ ಮದುವೆಯಾಗಿಲ್ಲ, ಇರುವುದು ಒಬ್ಬನೇ ತಮ್ಮ, ಷಡಕ್ಷರಿ. ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ ಹೊರಟಿದೆ ಎಂದು ಕೂಗುವ ಕೆಲಸ ಅವನದು. ಅವನ ಹೆಂಡತಿ ವಿಶಾಲಾಕ್ಷಿ ಹೊರಗಿನ ಊರಿನವಳು. ಮಗು ಹುಟ್ಟಿದ ಹೊಸದರಲ್ಲಿ, "ಬೆಳೆಯೋ ಮಗು ಅಲ್ವಾ ಅಕ್ಕ, ಒಂದಳತೆ ದೊಡ್ಡದೇ ತಗೊಂಡ್ರೆ ಎರಡು ವರ್ಷ ಬರುತ್ತೆ" ಎಂದು ಹೇಳಿ ನನ್ನ ಕೈಲಿ ಸಾಕಷ್ಟು ಅನ್ನಿಸಿಕೊಂಡಿದ್ದಾಳೆ. ಅವರಿಗೆ ಒಬ್ಬಳೇ ಮಗಳು, ನೀಲಾಂಬಿಕೆ. ನಾವು ಕರೆಯುವುದು ನೀಲು ಎಂದು.

ನೀಲು ಹುಟ್ಟಿದಾಗಿನಿಂದ ನನ್ನ ಕಣ್ಣಂದಾಜು ತಪ್ಪಿದ್ದಿಲ್ಲ. ಎಳೆಗೂಸಿನ ಜಬಲಾದಿಂದ ಹಿಡಿದು ಐದನೆಯ ವರ್ಷದ ಉದ್ದಲಂಗದವರೆಗೆ ನಾನು ತಂದದ್ದೆಲ್ಲ ಮೊದಲ ಸಲಕ್ಕೇ ಕೂತಿದೆ. ಈ ಸಲ ಆರನೆಯದು. ಬೇಸಿಗೆ ಮುಗಿಯುವ ಹೊತ್ತಿಗೆ ಅವಳ ಹುಟ್ಟುಹಬ್ಬ, ಅದಾದ ಮೇಲೆ ಶಾಲೆ ಶುರು, ಅವಳು ಒಂದನೇ ಕ್ಲಾಸಿಗೆ ಸೇರಬೇಕು. ಹಾಗಾಗಿ ನಾನು ಖುಷಿಯಿಂದಲೇ ಸಾಸಿವೆ ಬಣ್ಣದ ಬಟ್ಟೆ ಆರಿಸಿ, ಬೆನ್ನಿಗೆ ಮೂರು ಗುಂಡಿ ಬರುವ ಫ್ರಾಕು ಹೊಲಿಸಿದ್ದೆ. ಎಣ್ಣೆನೀರು ಹಾಕಿ, ದೇವರಿಗೆ ದೀಪ ಹಚ್ಚಿ, ಫ್ರಾಕು ತೊಡಿಸಿ ಮೊದಲ ಗುಂಡಿ ಹಾಕಿದೆ, ಬಿಚ್ಚಿಕೊಂಡಿತು. ಎರಡನೆಯದು ಹಾಕಿದೆ, ಅದೂ ಅಷ್ಟೆ. ಒತ್ತಿ ಹಿಡಿದುಕೊಂಡೆ. ಬೆರಳು ತೆಗೆದ ಕೂಡಲೇ ಮೂರೂ ಒಟ್ಟಿಗೆ ಬಾಯಿ ಬಿಟ್ಟವು. ನನಗೆ ತಲೆ ಕೆಟ್ಟುಹೋಯಿತು. ಫ್ರಾಕು ಒಂದು ಕೈಯಲ್ಲಿ, ಮಗು ಒಂದು ಕೈಯಲ್ಲಿ, ನೇರ ಮರಿಸ್ವಾಮಿಯ ಅಂಗಡಿಗೆ ಹೋದೆ.

"ಏನಯ್ಯಾ ಮರಿಸ್ವಾಮಿ, ಹೊಲಿಯೋವಾಗ ನಿನ್ನ ಮನಸ್ಸು ಎಲ್ಲಿತ್ತು?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೇಳಿದೆ.

"ನನ್ನ ಕೈ ತಪ್ಪಿಲ್ಲ ದಾಕ್ಷಾಯಿಣಮ್ಮ. ಆರು ಆರು ಅಂದ್ಕೊಂಡೇ ಹೊಲ್ದಿದೀನಿ. ಬೇಕಾದ್ರೆ ಬೇರೆ ಮಗೂಗೆ ಹಾಕಿ ನೋಡಿ" ಎಂದ ಅವನು. ಬೀದಿಯಲ್ಲಿ ಆಡುತ್ತಿದ್ದ ಅವನ ತಂಗಿಯ ಆರು ವರ್ಷದ ಮಗಳನ್ನು ಕರೆದು ತೊಡಿಸಿದರೆ ಮೂರು ಗುಂಡಿಯೂ ಟಕ್ಕನೆ ಕೂತವು. ಆ ಹುಡುಗಿ ಬಿಚ್ಚಿಕೊಡುವುದಿಲ್ಲವೆಂದು ಅತ್ತು ರಂಪ ಮಾಡಿದ್ದು ಬೇರೆ. ಮರಿಸ್ವಾಮಿ ಅಂಗಡಿಯಲ್ಲಿದ್ದ ಐದರ ಅಂಗಿ ಕೊಟ್ಟ, ಏಳರದು ಕೊಟ್ಟ, ಎಂಟು, ಹತ್ತು, ಹನ್ನೆರಡು, ಹೀಗೆ ಒಂದೊಂದಾಗಿ ಇಳಿಸಿದ. ಯಾವುದೂ ಕೂರಲಿಲ್ಲ. ಅವನ ಹಣೆಯಲ್ಲಿ ಬೆವರು ಬಂತು. ಆಗ ನೀಲು ಅವನ ತೋಳು ಮುಟ್ಟಿ, "ಮರಿಸ್ವಾಮಿ ಮಾಮ, ನೀವು ಬೇಜಾರು ಮಾಡ್ಕೋಬೇಡಿ. ಅತ್ತೆ ದನಿ ಅಷ್ಟೇ ದೊಡ್ಡದು, ಅವ್ರಿಗೆ ಕೋಪ ಇಲ್ಲ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಅತ್ತೆ, ಮಾಮ ತುಂಬಾ ಕಷ್ಟಪಟ್ಟು ಹೊಲ್ದಿದ್ದಾರಂತೆ" ಎಂದಳು. ನನಗೆ ನಿಜಕ್ಕೂ ಕೋಪ ಬಂದಿತ್ತು, ಮರಿಸ್ವಾಮಿ ಕಷ್ಟದ ಮಾತು ಎತ್ತಿರಲೇ ಇಲ್ಲ. ಆ ಹೊತ್ತಿನಲ್ಲಿ ನಾನು ಅದನ್ನು ಗಮನಿಸಲಿಲ್ಲ.

ಮಗುವನ್ನು ನನ್ನ ಮನೆಗೆ ಕರೆದುಕೊಂಡು ಬಂದೆ. ಒಗೆದು ಮಡಿಸಿದ ನನ್ನ ರವಿಕೆಯೊಂದು ಮಂಚದ ಮೇಲೆ ಬಿದ್ದಿತ್ತು. ಬರಿಮೈಯಲ್ಲಿ ಯಾಕೆ ನಿಲ್ಲಿಸುವುದೆಂದು ಅದನ್ನೇ ಅವಳ ಹೆಗಲಿಗೆ ಹಾಕಿದೆ. ದೊಡ್ಡವರ ಬಟ್ಟೆ ನಮ್ಮೂರಲ್ಲಿ ಯಾವ ಮಗುವಿನ ಮೈಮೇಲೂ ನಿಲ್ಲುವುದಿಲ್ಲ, ಜಾರಿ ನೆಲಕ್ಕೆ ಬೀಳುತ್ತದೆ. ಇದು ಬೀಳಲಿಲ್ಲ. ತೋಳು ಮೊಣಕೈ ದಾಟಿ ಮುಂಗೈಗೆ ಬಂದಿತ್ತು, ಕೆಳ ಅಂಚು ತೊಡೆಯ ಮೇಲೆ ಜೋಲುತ್ತಿತ್ತು. ಆದರೆ ಹುಕ್ಕುಗಳು ನಾನು ಮುಟ್ಟುವ ಮೊದಲೇ ಕೆಳಗಿನಿಂದ ಮೇಲಕ್ಕೆ ಒಂದಾದ ಮೇಲೊಂದು ಸಿಕ್ಕಿಕೊಂಡವು. ನೀಲು ತಲೆಯೆತ್ತಿ ನನ್ನ ಮುಖ ನೋಡಿದಳು. "ಈಗ ಸರಿಹೋಯ್ತಾ ಅತ್ತೆ? ಎಲ್ರಿಗೂ ಸಮಾಧಾನನಾ?" ಎಂದು ಕೇಳಿದಳು.

ವಿಷಯ ಊರಿಗೆ ಹರಡಲು ಎಷ್ಟು ಹೊತ್ತು ಬೇಕು? ಸಂಜೆಯೊಳಗೆ ಷಡಕ್ಷರಿಯ ಮನೆಯ ಮುಂದೆ ಚಪ್ಪಲಿಗಳ ರಾಶಿ ಬಿತ್ತು. ಮಗುವನ್ನು ನಡುಮನೆಯಲ್ಲಿ ನಿಲ್ಲಿಸಿ, ನನ್ನ ರವಿಕೆಯ ಹುಕ್ಕುಗಳನ್ನು ಮುಟ್ಟಿ ಮುಟ್ಟಿ ನೋಡಿದರು. "ಎಂಥಾ ಮಗು ಹೆತ್ತಿದೀಯಾ ವಿಶಾಲಾಕ್ಷಿ! ಆರು ವರ್ಷಕ್ಕೇ ದೊಡ್ಡವರ ರವಿಕೆ!" ಎಂದು ಲಟಿಕೆ ಮುರಿದರು. ಮುಂದಿನ ವರ್ಷದ ಅಂಗಿ ಬೇಗ ಕೂರಲಿ ಎಂದು ಮಕ್ಕಳಿಗೆ ಬೆಳಿಗ್ಗೆ ಎದ್ದು ಮಗ್ಗಿ ಹೇಳಿಸುವ ತಾಯಂದಿರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಅವರೆಲ್ಲ ವಿಶಾಲಾಕ್ಷಿಯನ್ನು ಪಕ್ಕಕ್ಕೆ ಕರೆದು ಮಗುವಿಗೆ ಏನು ತಿನ್ನಿಸುತ್ತೀಯ ಎಂದು ಕೇಳಿದರು. ಅವಳು ಉಬ್ಬಿಹೋಗಿದ್ದಳು. ಷಡಕ್ಷರಿ ಮರುದಿನ ಬಸ್ಸಿನ ಹೆಸರುಗಳ ನಡುವೆ ಮಗಳ ಸುದ್ದಿಯನ್ನೂ ಮೈಕಿನಲ್ಲಿ ಸೇರಿಸಿದನೆಂದು ಕೇಳಿದೆ.

ನನಗೆ ಮಾತ್ರ ಭಯವಾಯಿತು. ಯಾಕೆಂದರೆ ಈ ಹೊಗಳಿಕೆಯನ್ನು ನಾನು ಒಮ್ಮೆ ಕೇಳಿದ್ದೇನೆ. ನನಗೆ ಎಂಟು ವರ್ಷವಿದ್ದಾಗ ಅಮ್ಮ ತೀರಿಕೊಂಡಳು. ಷಡಕ್ಷರಿ ಆಗ ಅಂಬೆಗಾಲಿಡುವ ಕೂಸು, ಅವನನ್ನು ಸೊಂಟದಲ್ಲಿ ಹೊತ್ತುಕೊಂಡೇ ಅನ್ನ ಬಸಿಯುತ್ತಿದ್ದೆ. ಸ್ವಲ್ಪ ದಿನದಲ್ಲೇ ನನ್ನ ಲಂಗ ರವಿಕೆ ಯಾವುದೂ ನಿಲ್ಲದಾಯಿತು, ಅಮ್ಮನ ರವಿಕೆ ಕೂತಿತು. ಊರೇ ಬಂದು ನೋಡಿ, ಎಂಥ ಜವಾಬ್ದಾರಿ ಹುಡುಗಿ ಎಂದು ಬೆನ್ನು ತಟ್ಟಿತು. ಒಂದು ಮಳೆಗಾಲ ಕಳೆದ ಮೇಲೆ ಪಕ್ಕದ ಮನೆಯ ಅಜ್ಜಿ ಕರುಣೆಯಿಂದ ಎಂಟರ ಲಂಗವೊಂದನ್ನು ತಂದು ತೊಡಿಸಲು ನೋಡಿದರು. ಅದು ಕೂರಲಿಲ್ಲ, ಆಮೇಲೆ ಯಾವತ್ತೂ ಕೂರಲಿಲ್ಲ. ನನಗೆ ಆಟ ಅಂದರೆ ಏನೆಂದು ಗೊತ್ತಿಲ್ಲ ಎಂದರೆ ಜನ ತಮಾಷೆ ಎಂದುಕೊಳ್ಳುತ್ತಾರೆ. ನಾನು ತಮಾಷೆ ಮಾಡುತ್ತಿರುವುದಿಲ್ಲ. ಅಮ್ಮ ಸತ್ತಿದ್ದಳು, ನನಗೆ ಬೇರೆ ದಾರಿಯಿರಲಿಲ್ಲ. ನೀಲುವಿಗೆ ಅಪ್ಪ ಅಮ್ಮ ಇಬ್ಬರೂ ಗುಂಡುಕಲ್ಲಿನ ಹಾಗೆ ಇದ್ದಾರೆ. ಹಾಗಿರುವಾಗ ಈ ಮಗು ಯಾರ ಭಾರ ಹೊತ್ತಿದೆ?

ಶಾಲೆಗೆ ಹೋಗಿ ಯಶೋದಾ ಟೀಚರನ್ನು ಕಂಡೆ. ಅವರು ಒಳ್ಳೆಯವರೇ, ಆದರೆ ನಿಯಮ ನಿಯಮವೇ. "ಒಂದನೇ ಕ್ಲಾಸಿನ ಯೂನಿಫಾರಂ ಕೂತ್ರೆ ಸೇರಿಸ್ಕೋತೀನಿ ದಾಕ್ಷಾಯಿಣಮ್ಮ. ದೊಡ್ಡವರ ರವಿಕೆ ಹಾಕಿರೋ ಮಗೂನ ಅ ಆ ಇ ಈ ಹೇಳೋ ಮಕ್ಕಳ ಜೊತೆ ಹೆಂಗೆ ಕೂರಿಸಲಿ? ಅವಳು ನನಗೇ ಸಮಾಧಾನ ಹೇಳ್ತಾಳೆ" ಎಂದರು. ಇದನ್ನು ಹೇಳಲು ತಮ್ಮನ ಮನೆಗೆ ಹೋದರೆ, ಅವನಿಗೆ ಚಿಂತೆಯೇ ಇಲ್ಲ. "ಒಂದನೇ ಕ್ಲಾಸು ಯಾಕಕ್ಕ ಅವಳಿಗೆ? ಅವಳಿಗೆ ಎಲ್ಲಾ ತಿಳಿಯುತ್ತೆ. ಮನೇಲಿರ್ಲಿ" ಎಂದ. ಅಡುಗೆಮನೆಯಲ್ಲಿ ವಿಶಾಲಾಕ್ಷಿಯೂ, "ಹೌದಕ್ಕ, ನನಗೂ ಒಂದು ಜೊತೆ" ಎಂದಳು. ಇಬ್ಬರೂ ಒಂದೇ ಮಾತು ಹೇಳಿದರು, ಆದರೆ ಅವನು ಹೇಳಿದ್ದು ಪಡಸಾಲೆಯಲ್ಲಿ, ಇವಳು ಹೇಳಿದ್ದು ಒಲೆಯ ಮುಂದೆ. ಇಬ್ಬರ ನಡುವೆ ನೀಲು ನನ್ನ ರವಿಕೆಯ ತೋಳು ಮಡಿಸಿಕೊಂಡು ನಿಂತಿದ್ದಳು. ಗಿರಣಿಗೆ ಬೀಗ ಹಾಕಿ, ಬಟ್ಟೆಗಂಟು ಕಟ್ಟಿಕೊಂಡು, ಏನು ನಡೆಯುತ್ತಿದೆಯೆಂದು ಕಣ್ಣಾರೆ ನೋಡಲು, ಬೆನ್ನು ನೋವೆಂಬ ನೆಪ ಹೇಳಿ ಅವರ ಮನೆಗೇ ಬಂದು ಉಳಿದೆ.

ಗಂಡ ಹೆಂಡತಿಗೆ ಮಾತಿಲ್ಲ ಎಂಬುದು ನನಗೆ ಹಳೆಯ ಸುದ್ದಿ. ಕಳೆದ ಚಳಿಗಾಲದಲ್ಲಿ ವಿಶಾಲಾಕ್ಷಿಯ ಅಣ್ಣನ ಮನೆಯ ಗೃಹಪ್ರವೇಶವಿತ್ತು. ಮನೆಯ ಅಳಿಯನನ್ನು ಊಟಕ್ಕೆ ಮೊದಲ ಪಂಕ್ತಿಗೆ ಕರೆಯಲಿಲ್ಲ. ಮೂರನೆಯ ಪಂಕ್ತಿಯಲ್ಲಿ ಮಕ್ಕಳ ಪಕ್ಕ ಎಲೆ ಹಾಕಿದರು. ಷಡಕ್ಷರಿ ಪಾಯಸ ಬಡಿಸುವ ಹೊತ್ತಿಗೆ ಎಲೆ ಬಿಟ್ಟೆದ್ದು ಬಸ್ಸು ಹತ್ತಿದ. ಹೆಂಡತಿ ತನ್ನ ಹಿಂದೆ ಓಡಿ ಬರಲಿಲ್ಲ ಎಂದು ಅವನಿಗೆ ಸಿಟ್ಟು, ತನ್ನವರೆಲ್ಲರ ಎದುರಿಗೆ ತಲೆ ತಗ್ಗಿಸುವ ಹಾಗೆ ಮಾಡಿದ ಎಂದು ಅವಳಿಗೆ ಸಿಟ್ಟು. ಆದರೆ ಈಚೆಗೆ ನಾನು ಕೇಳಿದಾಗಲೆಲ್ಲ ನೀಲು, "ಅಪ್ಪ ಅಮ್ಮ ಚೆನ್ನಾಗಿದ್ದಾರೆ ಅತ್ತೆ, ಈಗ ಜಗಳ ಇಲ್ಲ" ಎನ್ನುತ್ತಿದ್ದಳು. ಹಾಗಾಗಿ ನಾನು ಸುಮ್ಮನಿದ್ದೆ.

ಮಧ್ಯಾಹ್ನ ಷಡಕ್ಷರಿ ಊಟಕ್ಕೆ ಬಂದ. ನಾನು ಪಡಸಾಲೆಗೂ ಅಡುಗೆಮನೆಗೂ ನಡುವಿನ ಬಾಗಿಲಲ್ಲಿ ಸೊಪ್ಪು ಸೋಸುತ್ತ ಕೂತಿದ್ದೆ. ಅವನು ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿ, "ನೀಲು, ನಿಮ್ಮಮ್ಮನಿಗೆ ಹೇಳು, ಈ ಸಾರನ್ನ ನಾಯೀನೂ ಮೂಸಿ ನೋಡಲ್ಲ ಅಂತ" ಎಂದ. ನೀಲು ನನ್ನನ್ನು ದಾಟಿಕೊಂಡು ಒಳಗೆ ಹೋಗಿ, "ಅಮ್ಮ, ಅಪ್ಪನಿಗೆ ಬಾಯಲ್ಲಿ ಹುಣ್ಣಾಗಿದೆಯಂತೆ, ಖಾರ ತಡೆಯಲ್ವಂತೆ" ಎಂದಳು. ವಿಶಾಲಾಕ್ಷಿ ಪಾತ್ರೆಯ ಮೇಲೆ ಮುಚ್ಚಳ ಕುಕ್ಕಿ, "ಹುಣ್ಣಾದ್ರೆ ಒಳ್ಳೇದೇ ಆಯ್ತು, ನಾಲಿಗೆ ಹಿಡಿತದಲ್ಲಿರುತ್ತೆ ಅಂತ ಹೇಳು" ಎಂದಳು. ಮಗು ಹಿಂದಕ್ಕೆ ಬಂದು, "ಅಪ್ಪ, ಅಮ್ಮ ಮೊಸರು ಹಾಕ್ಲಾ ಅಂತ ಕೇಳ್ತಿದ್ಲು" ಎಂದಳು. ಷಡಕ್ಷರಿಯ ಮುಖ ಸಡಿಲವಾಯಿತು. "ಹ್ಞೂಂ, ಸ್ವಲ್ಪ ಹಾಕು ಅಂತ ಹೇಳು" ಎಂದ. ಮೊಸರು ಬಂತು, ಅವನು ಉಂಡೆದ್ದ. ಅವನು ಹೊರಟ ಮೇಲೆ ನೀಲು ಒಳಗೆ ಓಡಿ, "ಅಪ್ಪ ಕೇಳಿದ್ರು, ಹಿಮ್ಮಡಿ ನೋವು ಹೆಂಗಿದೆ ಅಂತ" ಎಂದಳು. ಷಡಕ್ಷರಿ ಚಪ್ಪಲಿ ಮೆಟ್ಟಿ ಆಗಲೇ ಬೀದಿಯ ಕೊನೆ ಮುಟ್ಟಿದ್ದ. ಅಂಥದ್ದೇನನ್ನೂ ಅವನು ಕೇಳಿರಲಿಲ್ಲ.

ಸೊಪ್ಪಿನ ಮೊರ ಕೆಳಗಿಟ್ಟೆ. ನೀಲುವನ್ನು ಹಿತ್ತಲಿಗೆ ಕರೆದೊಯ್ದು ಒಗೆಯುವ ಕಲ್ಲಿನ ಮೇಲೆ ಕೂರಿಸಿದೆ. "ಯಾಕೆ ಪುಟ್ಟಾ, ಅಪ್ಪ ಹೇಳಿದ್ದನ್ನ ಅಮ್ಮನಿಗೆ ಹೇಳ್ಲಿಲ್ಲ?" ಎಂದೆ.

"ಇದ್ದಿದ್ದು ಇದ್ದಂಗೆ ಹೇಳಿದ್ರೆ ಅಮ್ಮ ಹೊರಟೋಗ್ತಾಳೆ ಅತ್ತೆ. ಮೊದಲ್ನೇ ಸಲ ಹಂಗೇ ಹೇಳಿದ್ದೆ, ಬ್ಯಾಗಿಗೆ ಸೀರೆ ತುಂಬಿದ್ಲು. ಆಮೇಲಿಂದ ನಾನೇ ಬೇರೆ ಮಾತು ಮಾಡಿ ಹೇಳ್ತೀನಿ." ಸ್ವಲ್ಪ ಹೊತ್ತು ಕಾಲು ಆಡಿಸಿದಳು. "ಕಷ್ಟ ಏನಿಲ್ಲ. ಅಪ್ಪ ಏನಂತಾರೆ, ಅಮ್ಮ ಏನಂತಾಳೆ ಅಂತ ಮೊದಲೇ ಯೋಚನೆ ಮಾಡಿಟ್ಕೊಂಡಿರ್ಬೇಕು ಅಷ್ಟೇ. ಒಂದೊಂದ್ಸಲ ಮರ್ತೋಗುತ್ತೆ, ಆವಾಗ ಹೊಟ್ಟೆ ನೋಯುತ್ತೆ. ನೀವು ಯಾರ ಹತ್ರಾನೂ ಹೇಳ್ಬೇಡಿ ಅತ್ತೆ, ನಿಮ್ಮ ದಮ್ಮಯ್ಯ."

ದೊಡ್ಡ ಹೆಂಗಸರು ಆಡುವ ಮಾತು ಅವಳ ಬಾಯಲ್ಲಿ ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ಅಷ್ಟೇ ಬಿರುಸಾಗಿ ಸಿಟ್ಟೂ ಬಂತು. ದೊಡ್ಡವರಿಬ್ಬರು ಒಂದು ಎಲೆ ಊಟದ ಸಲುವಾಗಿ ಬಿಗಿದುಕೊಂಡು ಕೂತಿದ್ದಾರೆ, ಅವರ ಸಂಸಾರವನ್ನು ಆರು ವರ್ಷದ ಮಗು ನಡೆಸುತ್ತಿದೆ. ಅದಕ್ಕೆ ಇವರು ಊರಿಗೆಲ್ಲ ಸಕ್ಕರೆ ಹಂಚಿದ್ದಾರೆ! ಬುದ್ಧಿ ಹೇಳಿದರೆ ಕೇಳುವವರಲ್ಲ ಇಬ್ಬರೂ. ನಾನು ಹೇಳಿದರೂ ಅದನ್ನು ಮಗುವಿನ ಕೈಲೇ ಒಬ್ಬರಿಗೊಬ್ಬರು ದಾಟಿಸುತ್ತಾರೆ. ಹಾಗಾಗಿ ಬುದ್ಧಿ ಹೇಳುವ ಯೋಚನೆ ಬಿಟ್ಟೆ.

ಮರುದಿನ ಊಟದ ಹೊತ್ತಿಗೆ ಅದೇ ನಡುಬಾಗಿಲ ಹೊಸ್ತಿಲ ಮೇಲೆ ಕೂತು, ನೀಲುವನ್ನು ತೊಡೆಯ ಮೇಲೆ ಎಳೆದುಕೊಂಡೆ. "ಇವತ್ತು ನಿನಗೆ ರಜ. ಮಾತು ಮುಟ್ಟಿಸೋ ಕೆಲಸ ನನ್ನದು" ಎಂದೆ. ಅವಳ ಮೈ ಸೆಟೆದುಕೊಂಡಿತು.

ಷಡಕ್ಷರಿ ಪಲ್ಯ ಬಾಯಿಗಿಟ್ಟು, "ನೀಲು, ಕೇಳು ನಿಮ್ಮಮ್ಮನ್ನ, ಉಪ್ಪು ಅನ್ನೋದು ಅವಳ ತವರಲ್ಲಿ ಮಾತ್ರ ಸಿಗುತ್ತಾ ಅಂತ" ಎಂದ.

ನಾನು ಗಿರಣಿಯ ದನಿ ತೆಗೆದೆ. "ವಿಶಾಲಾಕ್ಷಿ! ಉಪ್ಪು ಅನ್ನೋದು ನಿನ್ನ ತವರಲ್ಲಿ ಮಾತ್ರ ಸಿಗುತ್ತಾ ಅಂತ ಕೇಳ್ತಿದಾನೆ!"

ಒಳಗೆ ಸೌಟು ನಿಂತಿತು. "ಅವ್ರು ಹಂಗಂದ್ರಾ?" ಎಂದಳು ಅವಳು.

"ಹಂಗೇ ಅಂದ. ಒಂದಕ್ಷರ ನಾನು ಸೇರ್ಸಿಲ್ಲ, ಬಿಟ್ಟಿಲ್ಲ."

"ಹಾಗಾದ್ರೆ ಹೇಳಿ ಅಕ್ಕ, ಎಲೆ ಮುಂದಿಂದ ಎದ್ದು ಓಡೋಗೋರಿಗೆ ಉಪ್ಪಿನ ಋಣ ಏನು ಗೊತ್ತು ಅಂತ!"

ನಾನು ಈ ಕಡೆ ತಿರುಗಿ ಅದನ್ನೂ ಹಾಗೆಯೇ ಒಪ್ಪಿಸಿದೆ. ಷಡಕ್ಷರಿಯ ಕೈ ತಟ್ಟೆಯಲ್ಲೇ ಉಳಿಯಿತು. ಇಷ್ಟು ದಿನ ಮೊಸರು ಹಾಕಲೇ ಎಂದು ಕೇಳುತ್ತಿದ್ದ ಹೆಂಡತಿ ಇವಳೇನಾ ಎಂಬಂತೆ ಅಡುಗೆಮನೆಯ ಕಡೆ ನೋಡಿದ. ಆಮೇಲೆ ಎದ್ದು ನಿಂತು, ನನ್ನನ್ನೂ ಮಗುವನ್ನೂ ಬಿಟ್ಟು, ನೇರವಾಗಿ ಒಳಗೆ ಕೂಗಿದ. "ಎದ್ದು ಹೋಗ್ದೆ ಇನ್ನೇನೇ ಮಾಡ್ಲಿ? ಮನೆ ಅಳಿಯನ್ನ ಚಿಳ್ಳೆಪಿಳ್ಳೆ ಜೊತೆ ಕೂರಿಸ್ತಾರೆ, ನೀನು ಹೋಳಿಗೆ ತಿಂತಾ ಕೂತಿದ್ದೆ!"

ವಿಶಾಲಾಕ್ಷಿ ಸೌಟು ಹಿಡಿದೇ ಹೊರಗೆ ಬಂದಳು. "ಹೋಳಿಗೆ ನನ್ನ ಗಂಟಲಲ್ಲಿ ಇಳೀತಾ ಅಂತ ಕೇಳಿದ್ರಾ ರೀ? ಎಲ್ರೂ ನಿನ್ನ ಗಂಡ ಎಲ್ಲಿ ಎಲ್ಲಿ ಅಂತ ಕೇಳೋವಾಗ ನಾನು ಏನು ಹೇಳ್ಬೇಕಿತ್ತು?"

ಚಳಿಗಾಲದಿಂದ ಆ ಮನೆಯಲ್ಲಿ ಗಂಡ ಹೆಂಡತಿ ಮುಖ ಕೊಟ್ಟು ಆಡಿದ ಮೊದಲ ಮಾತುಗಳು ಅವು. ಅಲ್ಲಿಂದ ಮುಂದೆ ನನ್ನ ಅಗತ್ಯ ಬೀಳಲಿಲ್ಲ. ಅವನು ಅವಳ ಅಣ್ಣನನ್ನು ಎಳೆದ, ಅವಳು ನನ್ನನ್ನೂ ಸೇರಿಸಿ ನಮ್ಮ ವಂಶವನ್ನೇ ಎಳೆದಳು. ನೀಲು ನನ್ನ ತೋಳಿನಲ್ಲಿ ಕೊಸರಾಡುತ್ತಿದ್ದಳು. "ಬಿಡಿ ಅತ್ತೆ, ನಾನು ಹೋಗಿ ಹೇಳ್ಬೇಕು, ಬಿಡಿ" ಎಂದು ಬೇಡಿದಳು. ನಾನು ಬಿಡಲಿಲ್ಲ. ಈ ಕೆಲಸ ಸರಿಯೋ ತಪ್ಪೋ ಎಂದು ಆ ಹೊತ್ತಿನಲ್ಲಿ ನನಗೇ ಗೊತ್ತಿರಲಿಲ್ಲ. ವಿಶಾಲಾಕ್ಷಿ ಸೌಟು ಎಸೆದು ಕೋಣೆಗೆ ನುಗ್ಗಿ ಬ್ಯಾಗು ಎಳೆದ ಸದ್ದು ಕೇಳಿದ ಕೂಡಲೇ ಮಗು ಕಿರುಚಿಬಿಟ್ಟಿತು.

"ಇಲ್ಲ ಅಮ್ಮ! ಅತ್ತೆ ಸುಳ್ಳು ಹೇಳ್ತಿದ್ದಾರೆ! ಅಪ್ಪ ಹಂಗೆಲ್ಲಾ ಅನ್ನಲ್ಲ! ಅಪ್ಪ ದಿನಾ ನಿನ್ನ ಹಿಮ್ಮಡಿ ನೋವು ಕೇಳ್ತಾರಲ್ಲಮ್ಮ, ನಾನು ಬಂದು ಹೇಳಲ್ವಾ? ಅಪ್ಪ, ನಿಮಗೆ ಗಂಟಲು ಕಟ್ಟಿದಾಗ ಅಮ್ಮ ತಾನಾಗೇ ಮೆಣಸಿನ ಕಷಾಯ ಮಾಡ್ಲಿಲ್ವಾ? ನೆನಪಿಲ್ವಾ?"

ಷಡಕ್ಷರಿ ಸಿಟ್ಟಿನಲ್ಲೇ, "ಹಿಮ್ಮಡಿ ನೋವಾ? ನಾನ್ಯಾವಾಗ ಕೇಳ್ದೆ?" ಎಂದ. ಎಂದ ಮೇಲೆ ಅವನಿಗೇ ತನ್ನ ಮಾತು ಕೇಳಿಸಿರಬೇಕು. ವಿಶಾಲಾಕ್ಷಿ ಕೋಣೆಯ ಬಾಗಿಲಿಗೆ ಬಂದಳು. ಅವಳ ಕೈಯಲ್ಲಿ ಅರ್ಧ ಮಡಿಸಿದ ಸೀರೆಯಿತ್ತು.

"ನೀವು ಕೇಳಿರ್ಲಿಲ್ವಾ?" ಎಂದಳು. "ಕಷಾಯ ಬೇಕು ಅಂತ ನೀವು ಹೇಳಿ ಕಳಿಸಿದ್ರಿ ಅಂದ್ಕೊಂಡು ನಾನು ಮಾಡಿದ್ದು. ದಿನಾ ಊಟ ಆದ್ಮೇಲೆ ಇವಳು ಬಂದು ಅಪ್ಪ ಕಾಲು ನೋವು ಕೇಳಿದ್ರು ಅಂತಾಳೆ. ಅದೊಂದು ಮಾತು ಕೇಳ್ಕೊಂಡು ನಾನು ಈ ಮನೇಲಿ ಇದ್ದೆ ಕಣ್ರೀ. ಅದನ್ನೂ ಇವಳೇ ಕೇಳ್ತಿದ್ದದ್ದಾ?"

ನೀಲು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದಳು. ಇಬ್ಬರಿಗೂ ಹೊಂದುವ ಮಾತು ಅವಳ ಹತ್ತಿರ ಮುಗಿದುಹೋಗಿತ್ತು. ಷಡಕ್ಷರಿ ಎಂಜಲು ಕೈಯಲ್ಲೇ ನಾಲ್ಕು ಹೆಜ್ಜೆ ನಡೆದು ಹೆಂಡತಿಯ ಮುಂದೆ ನಿಂತ.

"ಈಗ ಹೆಂಗಿದೆಯೇ ಕಾಲು?" ಎಂದ.

"ಇಷ್ಟು ದಿನ ಕೇಳ್ದೇ ಇದ್ದದ್ದು ಈಗ್ಯಾಕೆ?" ಎಂದು ಅವಳು ಅಳುತ್ತ ರೇಗಿದಳು. ಅವನೂ ರೇಗಿದ. ಜಗಳ ಮುಂದುವರಿಯಿತು, ಪಾಯಸ, ಹೋಳಿಗೆ, ಅಣ್ಣ, ಬಸ್ಸು ಎಲ್ಲ ಇನ್ನೊಂದು ಸುತ್ತು ಬಂದವು. ಆದರೆ ಬ್ಯಾಗು ಕೋಣೆಯಲ್ಲೇ ಉಳಿಯಿತು. ಆ ಗದ್ದಲದ ನಡುವೆಯೇ ನೀಲು ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಎಷ್ಟು ದಿನದ ನಿದ್ದೆಯೋ, ತಲೆ ನನ್ನ ತೋಳಿಗೆ ಭಾರವಾಗಿ ವಾಲಿತ್ತು. ಹೊದಿಸಲೆಂದು ಸೆರಗು ಎಳೆದಾಗ ನೋಡಿದೆ, ನನ್ನ ರವಿಕೆಯ ಹುಕ್ಕುಗಳಲ್ಲಿ ಮೇಲಿನದೊಂದು ತಾನಾಗಿ ಬಿಟ್ಟುಕೊಂಡಿತ್ತು.

ಇಷ್ಟಕ್ಕೇ ಎಲ್ಲ ಸರಿಹೋಯಿತೆಂದು ಹೇಳಿದರೆ ನೀವೂ ನಂಬಬೇಡಿ. ಶಾಲೆ ಶುರುವಾಗುವವರೆಗಿನ ದಿನಗಳನ್ನು ನಾನು ಹೇಗೆ ಕಳೆದೆನೆಂದು ನನಗೇ ಗೊತ್ತು. ದಿನಕ್ಕೊಂದರಂತೆ ಹುಕ್ಕುಗಳು ಬಿಟ್ಟು, ಕೊನೆಗೆ ನನ್ನ ರವಿಕೆ ಜಾರಿ ನೆಲಕ್ಕೆ ಬಿತ್ತು. ಆದರೆ ಆರರ ಫ್ರಾಕೂ ಕೂರಲಿಲ್ಲ. ದೊಡ್ಡವರದೂ ಇಲ್ಲ, ಮಕ್ಕಳದೂ ಇಲ್ಲ ಎಂಬ ಸ್ಥಿತಿ. ನನ್ನ ಹಳೆಯ ಶಾಲೊಂದನ್ನು ಸುತ್ತಿ ಪಿನ್ನು ಹಾಕಿ ಓಡಾಡಿಸಿದೆವು. ಹೊಗಳಿದ ಹೆಂಗಸರೇ ಈಗ ಪಿನ್ನು ನೋಡಿ ಮೂಗು ಮುರಿದರು. ಆಡಲು ಬೀದಿಗೆ ಬಿಟ್ಟರೆ ಅವಳು ಆಡುತ್ತಿರಲಿಲ್ಲ. ಮಕ್ಕಳು ಗೋಲಿಗಾಗಿ ಕಿತ್ತಾಡಿದರೆ ನಡುವೆ ಹೋಗಿ ಇಬ್ಬರಿಗೂ ಸಮಾಧಾನ ಹೇಳಿ ಬರುತ್ತಿದ್ದಳು. ಮನೆಯಲ್ಲಿ ಅಪ್ಪ ಅಮ್ಮನ ದನಿ ಏರಿದರೆ ಕಾಲು ತಾನಾಗಿ ಅತ್ತ ಓಡುತ್ತಿತ್ತು. ಆಗೆಲ್ಲ ವಿಶಾಲಾಕ್ಷಿ ಮಾತು ನಿಲ್ಲಿಸಿ, "ಇದು ನಮ್ಮಿಬ್ಬರ ಮಾತು ಕಂದಾ, ನಾವೇ ಆಡ್ಕೋತೀವಿ. ನಾನೆಲ್ಲೂ ಹೋಗಲ್ಲ" ಎನ್ನುತ್ತಿದ್ದಳು. ಎಷ್ಟು ಸಲ ಹೇಳಿದಳೋ. ಷಡಕ್ಷರಿಗೂ ಬಾಯಿಗೆ ಬಂದ "ನಿಮ್ಮಮ್ಮನಿಗೆ ಹೇಳು" ಎಂಬುದನ್ನು ನುಂಗಿಕೊಂಡು, ಕುರ್ಚಿಯಿಂದೆದ್ದು ಅಡುಗೆಮನೆಗೆ ಹೋಗುವುದು ಕಷ್ಟವಾಗುತ್ತಿತ್ತು. ಹೋಗುತ್ತಿದ್ದ, ಅದು ನಿಜ.

ಶಾಲೆಯ ಮೊದಲ ದಿನ ಬೆಳಿಗ್ಗೆ ಮರಿಸ್ವಾಮಿ ಹೊಲಿದ, ಬೆನ್ನಿಗೆ ಮೂರು ಗುಂಡಿಯ ನೀಲಿ ಯೂನಿಫಾರಂ ಹಿಡಿದು ನಾನು ಪಡಸಾಲೆಯಲ್ಲಿ ಕಾದಿದ್ದೆ. ಇವತ್ತು ಕೂರದಿದ್ದರೆ ಯಶೋದಾ ಟೀಚರ್ ಹೆಸರು ಬರೆದುಕೊಳ್ಳುವುದಿಲ್ಲ, ಮಗು ಮನೆಯಲ್ಲಿ ಉಳಿಯುತ್ತದೆ, ಮಳೆಗಾಲ ಕಳೆಯುತ್ತದೆ, ಆಮೇಲೆ ನನ್ನ ಹಾಗೆಯೇ. ವಿಶಾಲಾಕ್ಷಿ ಮಗಳ ತಲೆ ಬಾಚುತ್ತಿದ್ದಳು.

"ಎರಡು ಜಡೆ ಹಾಕು" ಎಂದ ಷಡಕ್ಷರಿ.

"ಕೂದಲು ಮೋಟು, ಒಂದೇ ಸಾಕು. ನಿಮಗೇನು ಗೊತ್ತಾಗುತ್ತೆ?" ಎಂದಳು ಅವಳು.

"ನಂಗೊತ್ತಿಲ್ವಾ? ದಿನಾ ಬಸ್ ಸ್ಟ್ಯಾಂಡಲ್ಲಿ ಎಷ್ಟು ಮಕ್ಕಳನ್ನ ನೋಡ್ತೀನಿ."

ನೀಲು ಇಬ್ಬರ ನಡುವೆ ಮಣೆಯ ಮೇಲೆ ಕೂತಿದ್ದಳು. ಅಭ್ಯಾಸದಂತೆ ಅಪ್ಪನ ಕಡೆ ತಿರುಗಿ, "ಅಪ್ಪ, ಅಮ್ಮ ಏನು ಹೇಳ್ತಿದಾಳೆ ಅಂದ್ರೆ..." ಎಂದು ಶುರು ಮಾಡಿದಳು. ಅಷ್ಟರಲ್ಲಿ ವಿಶಾಲಾಕ್ಷಿ ಸಿಕ್ಕುಗಟ್ಟಿದ ಕೂದಲಿಗೆ ಬಾಚಣಿಗೆ ಹಾಕಿ ಎಳೆದಳು. ನೀಲುವಿನ ಮಾತು ಅಲ್ಲೇ ತುಂಡಾಯಿತು. ಅವಳ ಕೆಳತುಟಿ ಮುಂದೆ ಬಂತು, ಮುಖ ಕೆಂಪಾಯಿತು.

"ನಂಗೆ ನೋಯುತ್ತೆ!" ಎಂದು ಬಾಚಣಿಗೆ ಕಿತ್ತು ಎಸೆದಳು. "ಒಂದು ಜಡೇನೂ ಬೇಡ, ಎರಡು ಜಡೇನೂ ಬೇಡ! ನಾನು ಸ್ಕೂಲಿಗೆ ಹೋಗಲ್ಲ! ನಂಗೆ ಬೆಲ್ಲ ಬೇಕು! ಈಗ್ಲೇ ಬೇಕು!" ಮಣೆ ಒದ್ದಳು, ಅಂಗಾತ ಬಿದ್ದು ನೆಲಕ್ಕೆ ಕಾಲು ಬಡಿದು ಬೀದಿಗೆಲ್ಲ ಕೇಳುವ ಹಾಗೆ ಅಳತೊಡಗಿದಳು. ಯಾಕೆ ಅಳುತ್ತಿದ್ದಾಳೆಂದು ಅವಳಿಗೂ ಗೊತ್ತಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಜಡೆಯ ಜಗಳ ಮರೆತು, ಬಾಯಿ ತೆರೆದು ನೋಡುತ್ತಿದ್ದರು.

ನಾನು ಯೂನಿಫಾರಂ ಹಿಡಿದು ನೆಲಕ್ಕೆ ಕೂತೆ. ಪಿನ್ನು ಬಿಚ್ಚಿ ಶಾಲು ಎಳೆದು, ಬಡಿಯುತ್ತಿದ್ದ ಕೈಗಳನ್ನು ಹೇಗೋ ತೋಳೊಳಗೆ ತೂರಿಸಿ, ಅವಳನ್ನು ಮಗ್ಗುಲಿಗೆ ಹೊರಳಿಸಿದೆ. ಮೊದಲ ಗುಂಡಿ ನನ್ನ ಬೆರಳಿನಿಂದ ಜಾರಿ ತಾನಾಗಿ ಕಾಜಕ್ಕೆ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ನೀಲು ತಿರುಗಿ ನನ್ನ ಮೊಣಕಾಲಿಗೆ ಜಾಡಿಸಿ ಒದ್ದಳು.

"ಅತ್ತೆ ಕೆಟ್ಟವಳು! ಎಲ್ಲಾರೂ ಕೆಟ್ಟವರು!" ಎಂದು ಚೀರಿದಳು.

"ಹೌದು ಕಂದಾ, ಎಲ್ಲಾರೂ ಕೆಟ್ಟವರೇ" ಎಂದೆ. ನನಗೆ ನಗುವೂ ಅಳುವೂ ಒಟ್ಟಿಗೆ ಬಂದಿತ್ತು. "ಅಳು, ಇನ್ನೂ ಜೋರಾಗಿ ಅಳು. ನಾವೆಲ್ಲಾ ಇಲ್ಲೇ ಇರ್ತೀವಿ." ಅವಳ ಬೆನ್ನಿನ ಮೇಲೆ ಮೂರನೆಯ ಗುಂಡಿಯೂ ಕೂತಿತು.